ಎಂಟು ಅಡಿಯ ಪಾಠ

2021ರ ಆಗಸ್ಟ್ 7, ಶನಿವಾರ. ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ಮನೆಗಳಲ್ಲೂ ಅವತ್ತು ಬೆಳಿಗ್ಗೆ ಜನ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಕಸುಮಿಗಾಸೆಕಿ ಮೈದಾನದ ಹಸಿರಿನ ಮೇಲೆ, ಬೆಂಗಳೂರಿನ ಅದಿತಿ ಅಶೋಕ್ ಪದಕದ ಬಾಗಿಲವರೆಗೆ ಬಂದಿದ್ದರು. ನಾಲ್ಕು ದಿನಗಳಲ್ಲಿ 67, 66, 68, 68. ಒಟ್ಟು 269 ಹೊಡೆತ. ಕಂಚು ಗೆದ್ದ ನ್ಯೂಜಿಲೆಂಡಿನ ಲಿಡಿಯಾ ಕೊ ಅವರದು 268. ಒಂದೇ ಒಂದು ಹೊಡೆತಕ್ಕೆ ಪದಕ ತಪ್ಪಿತು.

ಆ ಒಂದು ಹೊಡೆತದ ನೋವನ್ನೇ ಜನ ಇವತ್ತಿಗೂ ನೆನೆಯುತ್ತಾರೆ. ಆದರೆ ಗಾಲ್ಫ್ ಬಲ್ಲವರು ನೆನೆಯಬೇಕಾದದ್ದು ಇನ್ನೊಂದಿದೆ. ಅದಿತಿ ಆಗ ವಿಶ್ವ ಕ್ರಮಾಂಕದಲ್ಲಿ 200ನೆಯವರು. ಕೆಲವೇ ವಾರಗಳ ಹಿಂದೆ ಕೊರೊನಾ ಬಂದು ಹೋಗಿದ್ದರಿಂದ ಮೈಯಲ್ಲಿ ಕಸುವು ಇರಲಿಲ್ಲ. ದೂರ ಹೊಡೆಯುವ ಲೆಕ್ಕದಲ್ಲಿ ಅವರ ಹೆಸರು ಪಟ್ಟಿಯ ತಳದಲ್ಲಿತ್ತು. ಬ್ಯಾಗು ಹೊತ್ತು ಪಕ್ಕದಲ್ಲಿ ನಡೆದವರು ಅವರ ತಾಯಿ. ಹೀಗಿದ್ದೂ ವಿಶ್ವದ ಒಂದನೇ ಆಟಗಾರ್ತಿ ನೆಲ್ಲಿ ಕೊರ್ಡಾ ಅವರಿಗೆ ಕೊನೆಯ ದಿನದವರೆಗೆ ಬೆನ್ನು ಬಿಡದೆ ಪೈಪೋಟಿ ಕೊಟ್ಟದ್ದು ಒಂದೇ ಬಲದಿಂದ: ಪಟಿಂಗ್. ಚೆಂಡನ್ನು ಹಸಿರಿನ ಮೇಲೆ ಮೆಲ್ಲಗೆ ಉರುಳಿಸಿ ಕುಳಿಗೆ ಇಳಿಸುವ ಆ ಕೆಲಸದಲ್ಲಿ ಇಡೀ ಸ್ಪರ್ಧೆಗೆ ಅವರೇ ಮೊದಲಿಗರು.

ಇದು ಗೊತ್ತಿದ್ದೂ, ಹೊಸದಾಗಿ ಗಾಲ್ಫ್ ಕಲಿಯುವವರು ಗುರುವಿನ ಹತ್ತಿರ ಹೋಗುವುದು ಚೆಂಡನ್ನು ಇನ್ನೂ ದೂರ ಹೊಡೆಯುವುದು ಹೇಗೆ ಎಂದು ಕೇಳಲಿಕ್ಕೆ. ಬೆಂಗಳೂರಿನಲ್ಲಿ ನೌಕರಿಗೆ ನಿಂತು, ವಾರಕ್ಕೊಮ್ಮೆ ಕೋಲು ಹಿಡಿಯುವ ಗದಗ, ಮುಂಡರಗಿ ಕಡೆಯ ತರುಣರೂ ಇದಕ್ಕೆ ಹೊರತಲ್ಲ. 72 ಹೊಡೆತದ ಮೈದಾನದಲ್ಲಿ ಕುಳಿಗೆರಡರಂತೆ 36 ಹೊಡೆತ ಪಟಿಂಗ್‌ಗೆಂದೇ ಲೆಕ್ಕ ಹಿಡಿದಿರುತ್ತಾರೆ. ಅಂದರೆ ಸರೀ ಅರ್ಧ. ಆ ಅರ್ಧಕ್ಕೆ ಪಾಠ ಹೇಳಿಸಿಕೊಂಡವರು ಕಡಿಮೆ.

ಕುಳಿಯ ಅಗಲ 108 ಮಿಲಿಮೀಟರ್. 1891ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಿರಿಯರು ಗೊತ್ತು ಮಾಡಿದ ಅಳತೆ ಇವತ್ತಿಗೂ ಅದೇ. ಚೆಂಡು 43 ಮಿಲಿಮೀಟರಿಗೆ ತುಸು ಕಡಿಮೆ. ಹತ್ತು ಅಡಿಯಿಂದ ಹೊಡೆಯುವಾಗ ಚೆಂಡು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟಿತೆನ್ನಿ, ಕುಳಿ ಮುಟ್ಟುವ ಹೊತ್ತಿಗೆ ಅದು 53 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಕುಳಿಯ ನಡುವಿನಿಂದ ಅಂಚಿಗೆ ಇರುವುದೇ 54. ಇಂಥ ತಪ್ಪು ಹೊಡೆಯುವವನ ಕೈಗೆ ತಿಳಿಯುವುದಿಲ್ಲ, ಕಣ್ಣಿಗಂತೂ ಕಾಣುವುದೇ ಇಲ್ಲ. ಗುರು ಬೇಕಾಗುವುದು ಇಲ್ಲಿಯೇ.

ಒಳ್ಳೆಯ ಗುರು ಮೊದಲ ಹತ್ತು ನಿಮಿಷ ಸುಮ್ಮನೆ ನೋಡುತ್ತಾರೆ. ಆಮೇಲೆ ನೆಲದ ಮೇಲೆ ಗೌಂಡಿಗಳು ಗೋಡೆಗೆ ಹೊಡೆಯುವಂಥ ಬಣ್ಣದ ದಾರದ ಗೆರೆ ಹೊಡೆಯುತ್ತಾರೆ. ಚೆಂಡು ಗೆರೆಯ ಮೇಲೆ, ಕಣ್ಣು ಚೆಂಡಿನ ಮೇಲೆ. ಪಟರ್ ಎಂಬ ಪಟಿಂಗ್ ಕೋಲಿನ ಮುಖ ಗೆರೆಗೆ ಚೌಕವಾಗಿದೆಯೇ, ಹೊಡೆಯುವ ಕ್ಷಣದಲ್ಲಿ ಮಣಿಕಟ್ಟು ಮುರಿಯುತ್ತಿದೆಯೇ, ಚೆಂಡು ಹೋದ ದಾರಿ ನೋಡುವ ಆತುರಕ್ಕೆ ತಲೆ ಮೊದಲೇ ಏಳುತ್ತಿದೆಯೇ ಎಂದು ಒಂದೊಂದಾಗಿ ಗಮನಿಸುತ್ತಾರೆ. ಪಟರ್‌ಗಿಂತ ಕೂದಲೆಳೆಯಷ್ಟೇ ಹೆಚ್ಚು ಅಗಲದ ಸಂದು ಬಿಟ್ಟು ಎರಡು ಮೊಳೆ ಚುಚ್ಚಿ, ಅದರ ನಡುವೆ ಕೋಲು ತಾಗದಂತೆ ಹೊಡೆಯಲು ಹೇಳುತ್ತಾರೆ. ಅರ್ಧ ತಾಸಿನಲ್ಲಿ ಬೆವರು ಇಳಿಯುತ್ತದೆ.

ದಿಕ್ಕಿಗಿಂತ ದೊಡ್ಡ ಪಾಠ ಹದದ್ದು. ಹೆಚ್ಚಿನವರು ಎರಡು ಹೊಡೆತದಲ್ಲಿ ಮುಗಿಯುವುದನ್ನು ಮೂರು ಮಾಡಿಕೊಳ್ಳುವುದು ಎಡಬಲ ತಪ್ಪಿ ಅಲ್ಲ. ಮೊದಲ ಚೆಂಡು ತೀರ ಮುಂಚೆ ನಿಂತು, ಇಲ್ಲವೇ ಬಹಳ ದೂರ ಓಡಿ. ನಾಸಾದಲ್ಲಿ ಕೆಲಸ ಮಾಡಿ ಆಮೇಲೆ ಗಾಲ್ಫ್ ಪಾಠಕ್ಕಿಳಿದ ಅಮೆರಿಕದ ಡೇವ್ ಪೆಲ್ಜ್ ಅವರ ಲೆಕ್ಕದಲ್ಲಿ, ಕುಳಿ ತಪ್ಪಿದರೆ 17 ಇಂಚು ಮುಂದೆ ಹೋಗಿ ನಿಲ್ಲುವಂತೆ ಹೊಡೆದ ಚೆಂಡೇ ಹದವಾದದ್ದು. ಅದಕ್ಕಿಂತ ಜೋರಾದಷ್ಟೂ ಕುಳಿ ಚೆಂಡನ್ನು ಹಿಡಿದುಕೊಳ್ಳುವುದು ಕಡಿಮೆ, ಅಂಚು ಸವರಿ ಹೊರಗೆ ತಳ್ಳುವುದೇ ಹೆಚ್ಚು.

ಈ ಹದವನ್ನು ಬೆಟಗೇರಿಯ ಓಣಿಗಳಲ್ಲಿ ಗೋಲಿಗುಂಡ ಆಡಿ ಬೆಳೆದವರಿಗೆ ಹೊಸದಾಗಿ ಹೇಳಬೇಕೇ? ‘ಹಗೂರಕ ಬಿಡಲೇ, ಕುಣಿ ದಾಟತೈತಿ’ ಎಂಬ ಮಾತಿನಲ್ಲಿ ಪೆಲ್ಜ್ ಅವರ ಲೆಕ್ಕವೆಲ್ಲ ಅಡಗಿದೆ. ನೆಲದ ಓಟ ಓದುವುದೂ ಅಷ್ಟೇ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಹೊಲಕ್ಕೆ ಒಡ್ಡು ಹಾಕುವ ರೈತ, ಮಳೆನೀರು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎನ್ನುವುದನ್ನು ನಡೆದಾಡಿ ಅಂಗಾಲಿನಿಂದಲೇ ತಿಳಿಯುತ್ತಾನೆ. ಅಮೆರಿಕದ ಮಾರ್ಕ್ ಸ್ವೀನಿ ರೂಪಿಸಿದ ‘ಏಮ್‌ಪಾಯಿಂಟ್’ ಎಂಬ ವಿಧಾನ ಕಲಿಸುವುದೂ ಇದನ್ನೇ. ಚೆಂಡಿನ ದಾರಿಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಲ್ಲಬೇಕು, ಯಾವ ಪಾದದ ಮೇಲೆ ಭಾರ ಹೆಚ್ಚೆಂದು ಗಮನಿಸಬೇಕು, ಇಳಿಜಾರು ಎಷ್ಟೆಂದು ನಿರ್ಧರಿಸಿ ಅಷ್ಟು ಬೆರಳು ಎತ್ತಿ ಗುರಿ ಹಿಡಿಯಬೇಕು. ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲಿ ಆಟಗಾರರು ಬೆರಳೆತ್ತಿ ನಿಲ್ಲುವುದು ಇದಕ್ಕೇ.

ಕಲಿಯಲು ದೂರ ಹೋಗುವುದು ಗದಗಿಗೆ ಹೊಸದಲ್ಲ. ಕ್ರಿಕೆಟ್‌ನ ಎಡಗೈ ಸ್ಪಿನ್ನರ್ ಸುನೀಲ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೆದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆ ಅಂಕಿಗಳ ಹಿಂದೆ ಇದ್ದದ್ದೂ ತೋಳಿನ ಬಲವಲ್ಲ, ಚೆಂಡು ಎಲ್ಲಿ ಬೀಳಬೇಕೋ ಅಲ್ಲೇ ಬೀಳಿಸುವ ಹದ.

ಪಾಠ ಮುಗಿದ ಮೇಲೆ ಊರಿಗೆ ಬಂದು ಮರೆಯದಿರಲು ಮೈದಾನ ಬೇಕಿಲ್ಲ. ನೀರಿನ ಅಭಾವವಿದ್ದ ಕಡೆ ನಮ್ಮ ದೇಶದ ಹಳೆಯ ಮೈದಾನಗಳಲ್ಲಿ ಹುಲ್ಲಿನ ಬದಲು ಮರಳಿಗೆ ಎಣ್ಣೆ ಬೆರೆಸಿ ಸಮ ಮಾಡಿದ ‘ಬ್ರೌನ್’ಗಳೇ ಇರುತ್ತಿದ್ದವು, ಜನ ಅದರ ಮೇಲೇ ಚೊಕ್ಕ ಆಟ ಕಲಿತರು. ಲಕ್ಷ್ಮೇಶ್ವರದ ಮನೆಯೊಂದರ ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿದರೂ ಸಾಕು. ಅದರ ನೇರ ಅಂಚೇ ಗುರುಗಳ ಬಣ್ಣದ ಗೆರೆ. ಎಂಟು ಅಡಿ ಅಳೆದು ಕೊನೆಗೊಂದು ಸ್ಟೀಲಿನ ಲೋಟ ಅಡ್ಡ ಮಲಗಿಸಬೇಕು. ಲೋಟದ ಬಾಯಿ ಕುಳಿಗಿಂತ ಕಿರಿದು, ಅದು ಒಳ್ಳೆಯದೇ. ಜಗತ್ತಿನ ಶ್ರೇಷ್ಠ ವೃತ್ತಿಪರ ಪುರುಷ ಆಟಗಾರರು ಎಂಟು ಅಡಿಯಿಂದ ಕುಳಿಗೆ ಇಳಿಸುವುದು ಎರಡರಲ್ಲಿ ಒಂದನ್ನು ಮಾತ್ರ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರೋಡಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆದ್ದರಿಂದ ಹತ್ತರಲ್ಲಿ ಮೂರು ಲೋಟ ಸೇರಿದರೂ ಬೇಸರ ಬೇಡ. ಹತ್ತು ಚೆಂಡನ್ನು ಸಾಲಾಗಿ ಇಟ್ಟುಕೊಳ್ಳದೆ ಒಂದೇ ಇಟ್ಟುಕೊಳ್ಳಬೇಕು. ಹೊಡೆದು, ನಡೆದು ಹೋಗಿ ತಂದು, ಮತ್ತೆ ಅಂಚಿಗೆ ಕಾಲು ಹೊಂದಿಸಿ ನಿಲ್ಲಬೇಕು. ಆಟದಲ್ಲಿ ಎರಡನೇ ಚೆಂಡು ಸಿಗುವುದಿಲ್ಲವಲ್ಲ.