ಮಾನವೀಕರಣ: ಯಾರ ಕೊಡದ ನೀರು?

ರಕ್ಷಣೆಯನ್ನು ಮಾನವೀಕರಣದಿಂದ ಬೇರ್ಪಡಿಸಲಾಗದೆಂಬುದು ಎಂ. ಎಂ. ಥಾಮಸ್ ಅವರ 1971ರ ಕೃತಿಯ ಸಾರ. ಇದನ್ನು ನಾವು ಒಪ್ಪುತ್ತೇವೆ. ಆದರೆ ಅಲ್ಲಿನ ‘ಮಾನವ’ನು ಬಹುಮಟ್ಟಿಗೆ ಊರು-ಕೇರಿಗಳ ಗೆರೆ ಕಾಣದ ಸಾಮಾನ್ಯ ಮಾನವನು. ಅರವಿಂದ ಪಿ. ನಿರ್ಮಲ್ 1981ರಲ್ಲಿ ಬೆಂಗಳೂರಿನಲ್ಲಿ ಎತ್ತಿದ ಪ್ರಶ್ನೆಯು ಮುಂದೆ ದಲಿತ ದೈವಶಾಸ್ತ್ರವಾಗಿ ಬೆಳೆದು, ಕೇರಿಯ ನೋವನ್ನೇ ದೇವರ ಅರಿವಿಗೆ ಮೊದಲ ಮೆಟ್ಟಿಲಾಗಿಸಿತು.

ಈ ವ್ಯತ್ಯಾಸದ ತೂಕ ನಮ್ಮ ಸೀಮೆಯಲ್ಲಿ ನೀರಿನ ಬಳಿ ತಿಳಿಯುತ್ತದೆ. ಚನ್ನಗಿರಿಗೆ ಸೂಳೆಕೆರೆಯುಂಟು, ಹೊನ್ನಾಳಿಗೆ ತುಂಗಭದ್ರೆಯುಂಟು. ಜಗಳೂರಿಗೆ ಬರವೇ ಪರಿಚಿತ. ನೀರಿದ್ದಲ್ಲಿಯೂ ಅದು ಯಾರ ಕೊಡದ್ದೆಂಬ ಪ್ರಶ್ನೆ ತಪ್ಪದು. ಜೀವಜಲದ ಮಾತೆತ್ತುವ ಮುನ್ನ ಯೇಸು ಸಮಾರ್ಯದ ಸ್ತ್ರೀಯನ್ನು ಕುಡಿಯಲು ನೀರು ಬೇಡಿದನು (ಯೋಹಾನ 4). ನ್ಯಾಮತಿಯ ಹಳ್ಳಿಗಳಿಗೆ ಬೋಧಿಸಹೊರಟವರು ಕೊಡುವ ಮುನ್ನ ಬೇಡುವುದನ್ನು ಕಲಿಯದಿದ್ದರೆ, ಮಾನವೀಕರಣವು ಪಠ್ಯದ ಪದವಾಗಿಯೇ ಉಳಿದೀತು.