ಹದ ಬಲ್ಲ ಕಾಲು

ಚೆಂಡು ಇನ್ನೂ ಹತ್ತು ಗಜ ಆಚೆ ಇದೆ. ಪೆದ್ರಿ ಅದನ್ನು ನೋಡುತ್ತಿಲ್ಲ. ಒಮ್ಮೆ ಬಲಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾನೆ, ಒಮ್ಮೆ ಎಡಕ್ಕೆ, ಮತ್ತೆ ಬಲಕ್ಕೆ. ಚೆಂಡು ಕಾಲಿಗೆ ಬಂದು ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ, ಯಾವ ಕಾಲು ಮುಂದಿಟ್ಟು ಓಡಿಬರುತ್ತಿದ್ದಾರೆ ಎಂಬುದೆಲ್ಲ ಅವನಿಗೆ ತಿಳಿದುಹೋಗಿರುತ್ತದೆ. ಮೈ ಅರ್ಧ ತಿರುಗಿ ನಿಂತಿರುತ್ತದೆ. ಮೊದಲ ಟಚ್‌ನಲ್ಲೇ ಚೆಂಡು ಎದುರಾಳಿ ಇಲ್ಲದ ಕಡೆಗೆ ಸರಿಯುತ್ತದೆ, ಮೈ ಅದರ ಹಿಂದೆ ಹೋಗುತ್ತದೆ. ಓಡಿ ಬಂದವನು ಖಾಲಿ ಹುಲ್ಲಿಗೆ ಕಾಲು ಹಾಕಿ ನಿಲ್ಲುತ್ತಾನೆ. ಗೋಲು ಆಗಿಲ್ಲ, ಗೋಲಿನ ಹತ್ತಿರವೂ ಯಾರೂ ಹೋಗಿಲ್ಲ. ಆದರೂ ನಡುರಾತ್ರಿ ಟಿ.ವಿ. ಮುಂದೆ ಕೂತ ನನ್ನ ಬಾಯಿಂದ ಸಂಗೀತ ಕಛೇರಿಯಲ್ಲಿ ಹೊರಡುವಂಥ ಒಂದು 'ಆಹಾ' ಹೊರಟುಬಿಡುತ್ತದೆ.

ಐದು ವರ್ಷದಿಂದ ಈ ಹುಡುಗನ ಆಟವನ್ನು ನೋಡುತ್ತ ಬಂದಿದ್ದೇನೆ. ಅವನಲ್ಲಿ ಏನು ಇಷ್ಟ ಎಂದು ಯಾರಾದರೂ ಕೇಳಿದರೆ ನನಗೆ ಹೊಳೆಯುವುದು ನಮ್ಮ ಅಡುಗೆಮನೆಯ ಒಂದೇ ಮಾತು: ಹದ. ಬೆಲ್ಲದ ಪಾಕ ಒಂದೆಳೆಗೆ ಬಂತೋ ಇಲ್ಲವೋ ಎಂಬುದು ಗಡಿಯಾರ ನೋಡಿದರೆ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ತುಸು ಮೊದಲು ಇಳಿಸಿದರೆ ಉಂಡೆ ಕಟ್ಟದು, ತುಸು ತಡವಾದರೆ ಹಲ್ಲಿಗೆ ಗಟ್ಟಿ. ಪಾಸ್ ಕೊಡುವುದಕ್ಕೂ ಅಂಥದೇ ಒಂದು ಗಳಿಗೆ ಇದೆ. ಸ್ಪೇನಿನವರು ಅದಕ್ಕೆ 'ಲಾ ಪೌಸಾ' ಎನ್ನುತ್ತಾರೆ, ತಡೆದು ನಿಲ್ಲುವುದು ಎಂದು ಅರ್ಥ. ಚೆಂಡನ್ನು ಕಾಲಡಿ ಒಂದು ಉಸಿರಿನಷ್ಟು ಹೊತ್ತು ಇಟ್ಟುಕೊಂಡು, ಎದುರಿನ ಡಿಫೆಂಡರ್ ಆಸೆಗೆ ಬಿದ್ದು ಒಂದು ಹೆಜ್ಜೆ ಮುಂದಿಟ್ಟಾಗ, ಅವನು ಬಿಟ್ಟು ಬಂದ ಜಾಗಕ್ಕೇ ಚೆಂಡು ಕಳಿಸುವುದು. ಪೆದ್ರಿಯದು ವೇಗದ ಓಟವಲ್ಲ, ಕಟ್ಟುಮಸ್ತಾದ ಮೈಯೂ ಅಲ್ಲ. ಅವನ ಬಂಡವಾಳವೆಲ್ಲ ಆ ಒಂದು ಉಸಿರು.

ಪೆದ್ರಿಯ ಪೂರ್ತಿ ಹೆಸರು ಪೆದ್ರೋ ಗೊನ್ಸಾಲೆಸ್ ಲೋಪೆಸ್. ಹುಟ್ಟಿದ್ದು 2002ರ ನವೆಂಬರ್ 25ರಂದು, ಆಫ್ರಿಕಾದ ಕರಾವಳಿಗೆ ಹತ್ತಿರವಿರುವ ಸ್ಪೇನಿನ ತೆನೆರೀಫೆ ದ್ವೀಪದ ತೆಗೆಸ್ತೆ ಎಂಬ ಸಣ್ಣ ಊರಿನಲ್ಲಿ. ಮನೆಯವರದು ಊಟದ ಹೋಟೆಲು. ಆ ಊರಿನಲ್ಲಿ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಸಂಘ ಕಟ್ಟಿದವರಲ್ಲಿ ಅವನ ತಾತನೂ ಒಬ್ಬರು. ಪಕ್ಕದ ದ್ವೀಪದ ಲಾಸ್ ಪಾಲ್ಮಾಸ್ ತಂಡದ ಪರವಾಗಿ ಹದಿನಾರನೆಯ ವಯಸ್ಸಿಗೇ ದೊಡ್ಡವರ ಜೊತೆ ಆಡಿದ. 2020ರಲ್ಲಿ ಬಾರ್ಸಿಲೋನಾಗೆ ಬಂದಾಗ ಕ್ಲಬ್ಬು ಅವನಿಗಾಗಿ ಮೊದಲು ಕೊಟ್ಟಿದ್ದು 50 ಲಕ್ಷ ಯೂರೋ. ಆ ಪೇಟೆಯ ಲೆಕ್ಕದಲ್ಲಿ ಅದು ಚಿಲ್ಲರೆ. ಅವನ ಆರಾಧ್ಯದೈವ ಆಂದ್ರೆಸ್ ಇನಿಯೆಸ್ತಾ. ಬಾರ್ಸಿಲೋನಾದಲ್ಲಿ ಇನಿಯೆಸ್ತಾ ತೊಟ್ಟ 8ನೇ ನಂಬರಿನ ಅಂಗಿ ಮುಂದೆ ಇವನ ಮೈಮೇಲೇ ಬಂತು.

2021ರ ಜುಲೈ 6. ಲಂಡನ್ನಿನ ವೆಂಬ್ಲಿಯಲ್ಲಿ ಯೂರೋ ಕಪ್ ಸೆಮಿಫೈನಲ್, ಸ್ಪೇನ್ ಮತ್ತು ಇಟಲಿ. ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ. ಇಟಲಿಯ ಮಿಡ್‌ಫೀಲ್ಡಿನಲ್ಲಿ ಜೊರ್ಜಿನ್ಯೋ, ವೆರಾಟ್ಟಿ. ಅವರ ನಡುವೆ ಹದಿನೆಂಟರ ಈ ಹುಡುಗ. ತೊಂಬತ್ತು ನಿಮಿಷದಲ್ಲಿ ಅವನು ಕೊಟ್ಟ ಪಾಸುಗಳಲ್ಲಿ ಒಂದೂ ಗುರಿ ತಪ್ಪಲಿಲ್ಲ. ಹೆಚ್ಚುವರಿ ಸಮಯವನ್ನೂ ಸೇರಿಸಿದರೆ 66ರಲ್ಲಿ 65. ಹಿಂದಕ್ಕೂ ಪಕ್ಕಕ್ಕೂ ಚೆಂಡು ತಳ್ಳುತ್ತಿದ್ದರೆ ಯಾರು ಬೇಕಾದರೂ ಇಂಥ ಲೆಕ್ಕ ತೋರಿಸಬಹುದು. ಇವನು ಆಡುತ್ತಿದ್ದದ್ದು ಇಟಲಿಯ ಮಿಡ್‌ಫೀಲ್ಡ್ ಮತ್ತು ಡಿಫೆನ್ಸ್ ನಡುವಿನ ಇಕ್ಕಟ್ಟಿನಲ್ಲಿ, ತಿರುಗಲು ಒಂದು ಚಾಪೆಯಷ್ಟು ಜಾಗವೂ ಇಲ್ಲದ ಕಡೆ. ಸ್ಪೇನ್ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಹದಿನೆಂಟನೇ ವಯಸ್ಸಿನಲ್ಲಿ ಇನಿಯೆಸ್ತಾ ಕೂಡ ಹೀಗೆ ಆಡಿರಲಿಲ್ಲ ಎಂದರು ಸ್ಪೇನಿನ ಕೋಚ್ ಲೂಯಿಸ್ ಎನ್ರಿಕೆ.

ಆ ಟೂರ್ನಿಯಲ್ಲಿ ನನಗೆ ಅದಕ್ಕಿಂತಲೂ ನೆನಪಿರುವುದು ಕೋಪನ್‌ಹೇಗನ್ನಿನಲ್ಲಿ ಕ್ರೊವೇಷ್ಯಾ ಎದುರಿನ ಪಂದ್ಯದ ಒಂದು ತಪ್ಪು. ಪೆದ್ರಿ ದೂರದಿಂದ ತನ್ನ ಗೋಲ್‌ಕೀಪರಿಗೆ ಹಿಂದಕ್ಕೆ ಕೊಟ್ಟ ಸಾದಾ ಪಾಸ್, ಕೀಪರಿನ ಕಾಲು ತಪ್ಪಿ ಸೀದಾ ಗೋಲಿನೊಳಗೆ ಹೋಯಿತು. ದಾಖಲೆಯಲ್ಲಿ ಅದು ಪೆದ್ರಿಯ ಸ್ವಂತ ಗೋಲು. ಆ ವಯಸ್ಸಿನಲ್ಲಿ ಬೇರೆ ಯಾರಾದರೂ ಕುಗ್ಗಿಹೋಗುತ್ತಿದ್ದರು. ಇವನು ಮತ್ತೆ ಚೆಂಡು ಕೇಳುತ್ತ ಡಿಫೆಂಡರುಗಳ ಹತ್ತಿರ ಬಂದು ನಿಂತ. ಸ್ಪೇನ್ 5-3ರಲ್ಲಿ ಗೆದ್ದಿತು.

ಆಟಗಾರ ನಿಲ್ಲುವ ಜಾಗದ ಮೇಲೆ ಅವನ ಕಲೆ ನಮಗೆ ಎಷ್ಟು ಕಾಣುತ್ತದೆ ಎಂಬುದೂ ನಿಂತಿದೆ. ಬಾರ್ಸಿಲೋನಾದಲ್ಲಿ ಮೊದಲ ವರ್ಷ ಕೋಚ್ ರೊನಾಲ್ಡ್ ಕೂಮನ್ ಅವನನ್ನು ಎಷ್ಟೋ ಸಲ ಅಂಚಿಗೆ ಹಾಕಿದರು. ಅಲ್ಲಿ ಗೆರೆಯೇ ಒಂದು ಗೋಡೆ, ಅರ್ಧ ಮೈದಾನ ವ್ಯರ್ಥ. ಶಾವಿ ಕೋಚ್ ಆಗಿ ಬಂದ ಮೇಲೆ ಮಿಡ್‌ಫೀಲ್ಡಿನ ಎಡಬದಿಗೆ ತಂದು, ಎದುರಾಳಿಗಳ ಸಾಲುಗಳ ನಡುವೆ ಬಿಟ್ಟರು. ಅಲ್ಲಿ ಅವನು ಸೊಗಸಾಗಿ ಆಡಿದ, 2023ರ ಲೀಗ್ ಪ್ರಶಸ್ತಿಯೂ ಬಂತು. ಆದರೂ ಅವನು ಚೆಂಡಿಗಾಗಿ ಕಾಯುವ ಹೊತ್ತು ಹೆಚ್ಚಾಗಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಹೋಳಿಗೆ ತಟ್ಟಲು ಬಲ್ಲವರನ್ನು ಬಡಿಸುವುದಕ್ಕೆ ನಿಲ್ಲಿಸಿದ ಹಾಗೆ.

2024ರಲ್ಲಿ ಜರ್ಮನಿಯ ಹಾನ್ಸಿ ಫ್ಲಿಕ್ ಕೋಚ್ ಆಗಿ ಬಂದು ಅವನನ್ನು ಹದಿನೈದು ಗಜ ಹಿಂದಕ್ಕೆ ಎಳೆದರು. ಡಿಫೆಂಡರುಗಳ ಮುಂದೆ ಇಬ್ಬರು, ಅವರಲ್ಲಿ ಒಬ್ಬ ಪೆದ್ರಿ. ಈ ಒಂದು ಬದಲಾವಣೆಯೇ ನನ್ನ ಪಾಲಿಗೆ ದೊಡ್ಡ ಹಬ್ಬ. ಈಗ ಚೆಂಡು ಮೊದಲು ಅವನ ಕಾಲಿಗೇ ಬರುತ್ತದೆ, ಮೈದಾನವೆಲ್ಲ ಅವನ ಕಣ್ಣ ಮುಂದೆ ಹರಡಿಕೊಂಡಿರುತ್ತದೆ. ಎದುರಾಳಿಗಳು ಪ್ರೆಸ್ ಮಾಡಲು ಇಬ್ಬಿಬ್ಬರಾಗಿ ನುಗ್ಗಿದರೆ ಭುಜವನ್ನು ಒಂದು ಕಡೆ ಬಾಗಿಸಿ ಇನ್ನೊಂದು ಕಡೆಯಿಂದ ಹೊರಬರುತ್ತಾನೆ. ಹೊರಬಂದ ಮೇಲೆ ಕೊಡುವ ಪಾಸಿನ ಬಿಗಿಯನ್ನು ಗಮನಿಸಬೇಕು. ಬಲ ಅಂಚಿನಲ್ಲಿ ನಿಂತ ಲಮೀನ್ ಯಮಾಲ್‌ಗೆ ಕಾಲಿಗೇ ಹೋಗಿ ತಾಗುವಷ್ಟು ಚುರುಕು. ಓಡುತ್ತಿರುವ ರಫೀನ್ಯಾಗೆ ಓಟ ಮುರಿಯದಂತೆ ಎರಡು ಹೆಜ್ಜೆ ಮುಂದೆ ಬಂದು ಮೆತ್ತಗಾಗುವಷ್ಟು. ಒಂದೇ ಕಾಲಿನಿಂದ ಒಬ್ಬೊಬ್ಬರ ಹಸಿವಿಗೆ ತಕ್ಕಂತೆ ಬಡಿಸುತ್ತಾನೆ. ಪಕ್ಕದಲ್ಲಿ ಫ್ರೆಂಕಿ ಡಿ ಯಾಂಗ್ ಇದ್ದಾಗ ಇಬ್ಬರ ನಡುವೆ ಹೋಗಿ ಬರುವ ಆರೇಳು ಸಣ್ಣ ಪಾಸುಗಳು ಲೆಕ್ಕಕ್ಕೆ ಏನೂ ಅಲ್ಲ ಅನ್ನಿಸುತ್ತವೆ. ಏಳನೆಯದಕ್ಕೆ ಎದುರಾಳಿಗಳ ಸಾಲು ಬಾಯ್ದೆರೆದಿರುತ್ತದೆ.

ಇನ್ನೊಂದು ಮಾತು. ಅವನು ಚೆಂಡನ್ನು ಕಸಿಯುವುದೂ ನೋಡಲು ಸೊಗಸು. ನೆಲಕ್ಕೆ ಜಾರಿ ಬೀಳುವುದು ಅಪರೂಪ. ಪಾಸ್ ಹೊರಡುವ ಮೊದಲೇ ಅದು ಹೋಗುವ ದಾರಿಯಲ್ಲಿ ನಿಂತಿರುತ್ತಾನೆ.

2025ರ ಏಪ್ರಿಲ್ 26ರಂದು ಸೆವಿಯಾದಲ್ಲಿ ಕೋಪಾ ದೆಲ್ ರೇ ಫೈನಲ್, ಎದುರಿಗೆ ರಿಯಲ್ ಮ್ಯಾಡ್ರಿಡ್. ನಮ್ಮಲ್ಲಿ ರಾತ್ರಿ ಒಂದೂವರೆ ದಾಟಿತ್ತು. 28ನೇ ನಿಮಿಷ. ಯಮಾಲ್ ಬಲದಿಂದ ಚೆಂಡನ್ನು ಹಿಂದಕ್ಕೆ ಹೊರಳಿಸಿದ. ಎಲ್ಲರೂ ಗೋಲಿನತ್ತ ಓಡುತ್ತಿದ್ದರೆ, ಪೆದ್ರಿ ಪೆನಾಲ್ಟಿ ಪೆಟ್ಟಿಗೆಯ ಅಂಚಿಗೆ, ಯಾರೂ ಕಾಯದ ಜಾಗಕ್ಕೆ, ತಡವಾಗಿ ಬಂದ. ಚೆಂಡನ್ನು ನಿಲ್ಲಿಸಲಿಲ್ಲ. ಬಲಗಾಲಿನ ಒಂದೇ ಹೊಡೆತ, ಗೋಲ್‌ಕೀಪರ್ ಕುರ್ತುವಾ ಚಾಚಿದ ಕೈ ಅದಕ್ಕೆ ನಿಲುಕಲಿಲ್ಲ. ಗೋಲು ಹೊಡೆಯುವುದು ಅವನ ಮುಖ್ಯ ಕೆಲಸವಲ್ಲ, ಆದರೆ ಅಲ್ಲಿಯೂ ಅದೇ ಹದ. ಒಂದು ಕ್ಷಣ ಮೊದಲು ಹೋಗಿದ್ದರೆ ಡಿಫೆಂಡರುಗಳ ನಡುವೆ ಸಿಕ್ಕಿಬೀಳುತ್ತಿದ್ದ. ಬಾರ್ಸಿಲೋನಾ ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದಿತು. ಆ ವರ್ಷ ಲೀಗ್ ಪ್ರಶಸ್ತಿಯೂ ಬಂತು.

ಇಷ್ಟೆಲ್ಲ ಸವಿದ ಮೇಲೆ ನನ್ನನ್ನು ಕಾಡುವ ಸಂಗತಿಗೆ ಬರುತ್ತೇನೆ. ಈ ಮೈಯಿಂದ ಎಷ್ಟು ದುಡಿಸಿದ್ದೇವೆ! 2020-21ರಲ್ಲಿ ಕ್ಲಬ್ಬಿಗಾಗಿ 52 ಪಂದ್ಯ. ಆಮೇಲೆ ಯೂರೋ ಕಪ್ಪಿನಲ್ಲಿ ಸ್ಪೇನಿನ ಆರೂ ಪಂದ್ಯ, ಅವುಗಳಲ್ಲಿ ಮೂರು ಹೆಚ್ಚುವರಿ ಸಮಯಕ್ಕೆ ಹೋದವು. ತಂಡ ಆಡಿದ 630 ನಿಮಿಷಗಳಲ್ಲಿ ಅವನು 629 ಆಡಿದ. ವೆಂಬ್ಲಿಯ ಆ ರಾತ್ರಿ ಕಳೆದು ಹದಿನಾರು ದಿನಕ್ಕೆ ಜಪಾನಿನಲ್ಲಿ ಒಲಿಂಪಿಕ್ಸ್, ಅಲ್ಲಿಯೂ ಆರು ಪಂದ್ಯ, ಅಲ್ಲಿಯೂ ಮೂರು ಹೆಚ್ಚುವರಿ ಸಮಯಕ್ಕೆ. ಆಗಸ್ಟ್ 7ಕ್ಕೆ ಯೊಕೊಹಾಮಾದಲ್ಲಿ ಫೈನಲ್ ಸೋತು ಬೆಳ್ಳಿ ಪದಕ. ಆಗಸ್ಟ್ 15ಕ್ಕೆ ಮತ್ತೆ ಕ್ಲಬ್ಬಿನ ಅಂಗಿ. ದೇಶಕ್ಕಾಗಿ ಆಡಿದ ಉಳಿದ ಪಂದ್ಯಗಳೂ ಸೇರಿ ಒಂದೇ ಋತುವಿನಲ್ಲಿ 73 ಪಂದ್ಯ, ಹದಿನೆಂಟರ ಹುಡುಗ!

ಸೆಪ್ಟೆಂಬರಿನಲ್ಲಿ ತೊಡೆಯ ಸ್ನಾಯು ಕೈಕೊಟ್ಟಿತು. ಪೂರ್ತಿ ಗುಣವಾಗದೆ ಮರಳಿದ, ಮತ್ತೆ ನೋವು, ಜನವರಿಯವರೆಗೆ ಹೊರಗೆ. ಆ ಋತುವಿನಲ್ಲಿ ಕ್ಲಬ್ಬಿಗೆ ಆಡಿದ್ದು 22 ಪಂದ್ಯ ಮಾತ್ರ. ಮುಂದಿನ ಎರಡು ವರ್ಷವೂ ಇದೇ ಕಥೆ: ಫಾರ್ಮ್ ಏರುವುದು, ಸ್ನಾಯು ಹರಿಯುವುದು, ತಿಂಗಳುಗಟ್ಟಲೆ ಮೌನ. 2024ರ ಯೂರೋ ಕಪ್ಪಿನಲ್ಲಿ ಜರ್ಮನಿಯ ಟೋನಿ ಕ್ರೂಸ್ ಡಿಕ್ಕಿಯಿಂದ ಮಂಡಿಗೆ ಪೆಟ್ಟಾಗಿ ಮೊದಲ ಹತ್ತು ನಿಮಿಷದೊಳಗೇ ಕಣ್ಣೀರಿಟ್ಟು ಹೊರನಡೆದ. ಅದು ಆಕಸ್ಮಿಕ, ದುಡಿತದ ಲೆಕ್ಕಕ್ಕೆ ಸೇರಿಸಲಾಗದು. ಮಿಕ್ಕವುಗಳನ್ನು ಸೇರಿಸಲೇಬೇಕು. ದಣಿದ ಸ್ನಾಯು ಮುಂಚೆಯೇ ಸೂಚನೆ ಕೊಡುತ್ತದೆ: ಬಿರುಸಿನ ಓಟದ ಕೊನೆಯಲ್ಲಿ ತೊಡೆಯ ಹಿಂಭಾಗ ಬಿಗಿಯುತ್ತದೆ, ಸುಧಾರಿಸಿಕೊಳ್ಳಲು ಒಂದು ದಿನ ಹೆಚ್ಚು ಬೇಕಾಗುತ್ತದೆ. ಹದಿನೆಂಟರ ಹುಡುಗ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆಡುತ್ತೇನೆ ಎನ್ನುತ್ತಾನೆ. ಬೇಡ ಎನ್ನಬೇಕಾದವರು ದೊಡ್ಡವರು.

ಫ್ಲಿಕ್ ಬಂದ ಮೊದಲ ಋತುವಿನಲ್ಲಿ ಅವನು 59 ಪಂದ್ಯ ಆಡಿದ, ತಿಂಗಳುಗಟ್ಟಲೆ ಹೊರಗೆ ಕೂರಲಿಲ್ಲ. ವ್ಯಾಯಾಮ ಬದಲಾಯಿತು, ಊಟ ಬದಲಾಯಿತು, ಮೈ ತುಂಬಿಕೊಂಡಿತು. ನಿಲ್ಲುವ ಜಾಗ ಬದಲಾದದ್ದೂ ಒಳ್ಳೆಯದೇ ಆಯಿತು ಎಂದು ನನ್ನ ನಂಬಿಕೆ. ಆದರೆ 2025ರ ಅಕ್ಟೋಬರ್ 26ರಂದು ರಿಯಲ್ ಮ್ಯಾಡ್ರಿಡ್ ಎದುರು ಕೊನೆಯ ನಿಮಿಷದವರೆಗೂ ಆಡಿ, ಕೆಂಪು ಕಾರ್ಡು ಪಡೆದು ಹೊರಬಂದ ಮೇಲೆ ಎಡತೊಡೆಯ ಹಿಂಭಾಗದ ಸ್ನಾಯು ಹರಿದ ಸುದ್ದಿ ಬಂತು. ಅದನ್ನು ಓದಿದಾಗ ನಿಜವಾಗಿ ಹೊಟ್ಟೆ ಉರಿಯಿತು.

ಅವನಷ್ಟು ಸೊಗಸಾಗಿ ಹೊತ್ತನ್ನು ಬಳಸಬಲ್ಲ ಮಿಡ್‌ಫೀಲ್ಡರ್ ಅವನ ವಯಸ್ಸಿನವರಲ್ಲಿ ಇನ್ನೊಬ್ಬನಿಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ. ಆದ್ದರಿಂದಲೇ ಅವನನ್ನು ಆಡಿಸುವವರಲ್ಲಿ ನನ್ನದೊಂದು ಕೋರಿಕೆ. ಪಂದ್ಯ ಎರಡು ಗೋಲಿನ ಅಂತರದಲ್ಲಿ ಕೈಯಲ್ಲಿದ್ದರೆ ಅರವತ್ತೈದನೇ ನಿಮಿಷಕ್ಕೇ ಅವನನ್ನು ಹೊರಗೆ ಕರೆಸಿಕೊಳ್ಳಿ. ಅವನು ಭುಜಕ್ಕೆ ಟವೆಲ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿರುವುದನ್ನು ನೋಡಲು, ನಿದ್ದೆಗೆಟ್ಟು ಕೂತ ನಮಗೆ ಏನೂ ಬೇಸರವಿಲ್ಲ.