ಸಿಸಿ ಕೇಳುವವರು, ಓಂ ಕೇಳದವರು

ಕಳೆದ ವಾರ ಈ ಅಂಕಣ ಕೊಟ್ಟ ಮಾತೇ ಬೇರೆ: ನಿಸ್ಸಾನ್ ಸ್ಕೈಲೈನ್ ಆರ್32 ಜಿಟಿ-ಆರ್‌ಗೆ ಎಷ್ಟು ಸಿಸಿಯ ಇಂಜೆಕ್ಟರ್ ಬೇಕು ಎಂಬ ಲೆಕ್ಕ. ಆ ಲೆಕ್ಕ ಬೇಗ ಮುಗಿಯುತ್ತದೆ. ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಹಿಡಿದರೆ, ಕಾರ್ಖಾನೆಯಿಂದ ಬಂದ 440 ಸಿಸಿಯ ಆರು ಇಂಜೆಕ್ಟರುಗಳು ಶೇ 85ರಷ್ಟು ಹೊತ್ತು ತೆರೆದಿದ್ದರೂ 350 ಅಶ್ವಶಕ್ತಿಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಅದಕ್ಕೂ ಮೇಲೆ ಆಸೆಯಿದ್ದವರು ದೊಡ್ಡದನ್ನು ಕೊಳ್ಳಲಿ.

ಕೊಂಡ ಮೇಲೆ ಶುರುವಾಗುವ ಕಥೆಯೇ ಈ ವಾರದ್ದು.

1989ರಲ್ಲಿ ಹೊರಬಂದ ಆ ಕಾರಿನ 2568 ಸಿಸಿಯ ಆರ್‌ಬಿ26 ಎಂಜಿನ್ನಿನಲ್ಲಿರುವುದು ಲೋ ಇಂಪೀಡೆನ್ಸ್ ಇಂಜೆಕ್ಟರುಗಳು. ಸುರುಳಿಯ ರೋಧ ಎರಡು-ಮೂರು ಓಂ ಅಷ್ಟೆ. ಎಂಜಿನ್ ಓಡುವಾಗಿನ 14 ವೋಲ್ಟನ್ನು 2.4 ಓಂಗೆ ನೇರ ಕೊಟ್ಟರೆ ಹರಿಯುವುದು 5.8 ಆಂಪಿಯರ್. ಎಂಜಿನ್ನಿನ ಮಿದುಳಾದ ಇಸಿಯುನೊಳಗಿನ ಟ್ರಾನ್ಸಿಸ್ಟರಿಗೆ ಅಷ್ಟು ತಡೆಯುವ ತಾಕತ್ತಿಲ್ಲ. ಅದಕ್ಕೇ ನಿಸ್ಸಾನಿನವರು ಎಂಜಿನ್ ಕೋಣೆಯಲ್ಲಿ ಒಂದು ರೆಸಿಸ್ಟರ್ ಪ್ಯಾಕ್ ಕೂರಿಸಿದರು. ಪ್ರತಿ ಇಂಜೆಕ್ಟರಿನ ದಾರಿಯಲ್ಲೂ ಸುಮಾರು 6 ಓಂ. ಆಗ ಕರೆಂಟು 1.7 ಆಂಪಿಯರಿಗೆ ಇಳಿಯುತ್ತದೆ, ಟ್ರಾನ್ಸಿಸ್ಟರ್ ಬದುಕುತ್ತದೆ. ಮಿತ್ಸುಬಿಷಿ ಎಕ್ಲಿಪ್ಸ್ ಟರ್ಬೊದಲ್ಲೂ, ವೋಲ್ವೊ 740 ಟರ್ಬೊದಲ್ಲೂ ಇದೇ ಉಪಾಯ.

ಈಗ ಮಾರುಕಟ್ಟೆಯಲ್ಲಿ ಸಿಗುವ ಹೊಸ ಇಂಜೆಕ್ಟರುಗಳು ಬಹುಪಾಲು 12 ಓಂ ಆಸುಪಾಸಿನ ಹೈ ಇಂಪೀಡೆನ್ಸ್‌ನವು. ಇವಕ್ಕೆ ರೆಸಿಸ್ಟರಿನ ಹಂಗಿಲ್ಲ. ನೇರ ಕೊಟ್ಟರೂ 1.2 ಆಂಪಿಯರ್ ದಾಟುವುದಿಲ್ಲ. ಆದರೆ ಹಳೆಯ ಪ್ಯಾಕನ್ನು ಹಾಗೇ ಬಿಟ್ಟು ಹೊಸದನ್ನು ಸಿಕ್ಕಿಸಿದರೆ ಒಟ್ಟು 18 ಓಂ ಆಗಿ ಕರೆಂಟು 0.8ಕ್ಕೂ ಕೆಳಗೆ ಬೀಳುತ್ತದೆ. ಚಳಿಗಾಲದ ಮುಂಜಾನೆ ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 10 ವೋಲ್ಟಿಗೆ ಕುಸಿದರಂತೂ ಅರ್ಧ ಆಂಪಿಯರ್ ಚಿಲ್ಲರೆ. ಇಂಜೆಕ್ಟರಿನ ಸೂಜಿ ತಡವಾಗಿ ಏಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಮಾಲೀಕ ಪಂಪ್ ಬದಲಿಸುತ್ತಾನೆ, ಪ್ಲಗ್ ಬದಲಿಸುತ್ತಾನೆ. ರೆಸಿಸ್ಟರ್ ಪ್ಯಾಕಿನ ಕಡೆ ಮಾತ್ರ ನೋಡುವುದಿಲ್ಲ.

ಇದರ ತಿರುಗುಮುರುಗು ತಪ್ಪು ಇನ್ನೂ ದುಬಾರಿ. ಪ್ಯಾಕ್ ತೆಗೆದು ಲೋ ಇಂಪೀಡೆನ್ಸಿನದನ್ನೇ ಹಾಕಿದರೆ ಇಸಿಯುನ ಟ್ರಾನ್ಸಿಸ್ಟರ್ ಸುಡುತ್ತದೆ. ಅದು ಶಾರ್ಟ್ ಆಗಿ ಸತ್ತರೆ ಇಂಜೆಕ್ಟರ್ ತೆರೆದೇ ಉಳಿದು, ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ.

‘ರೇಸಿಗೆ ಲೋ, ಮನೆ ಬಳಕೆಗೆ ಹೈ’ ಎನ್ನುವ ಪಂಥವೊಂದಿದೆ. ಈ ಅಂಕಣದ ಹಳೆಯ ಜಗಳ ಅವರ ಜೊತೆಗೇ. ಎಂಬತ್ತರ ದಶಕದಲ್ಲಿ ಅವರ ಮಾತು ನಿಜವಿತ್ತು: ಅಂದಿನ ದೊಡ್ಡ ಇಂಜೆಕ್ಟರಿನ ಭಾರದ ಸೂಜಿಯನ್ನು ಚುರುಕಾಗಿ ಎತ್ತಲು ಜಾಸ್ತಿ ಕರೆಂಟು ಬೇಕಿತ್ತು. ಒಳಭಾಗಗಳು ಹಗುರಾದ ಮೇಲೆ ಆ ವಾದಕ್ಕೆ ಬುಡವಿಲ್ಲ. ಬಾಷ್‌ನ ಇವಿ14 ಮಾದರಿ 12 ಓಂ ಇಟ್ಟುಕೊಂಡೇ ಚುರುಕಾಗಿ ತೆರೆಯುತ್ತದೆ. ಲೋ ಇಂಪೀಡೆನ್ಸಿನದರ ಪೂರ್ತಿ ಲಾಭ ಬೇಕಿದ್ದರೆ ಮೊದಲು 4 ಆಂಪಿಯರ್ ಕೊಟ್ಟು, ಸೂಜಿ ಎದ್ದ ಮೇಲೆ 1 ಆಂಪಿಯರಿಗೆ ಇಳಿಸುವ ಪೀಕ್ ಅಂಡ್ ಹೋಲ್ಡ್ ಡ್ರೈವರ್ ಬೇಕು. ಅದಿಲ್ಲದೆ ರೆಸಿಸ್ಟರಿನ ಹಿಂದೆ ಕೂತ ಇಂಜೆಕ್ಟರ್ ರೇಸಿನದು ಎಂದು ಬೀಗುವುದು ಬರೀ ಒಣ ಜಂಬ.

ಈ ರೆಸಿಸ್ಟರ್ ವಿದ್ಯೆಯ ಬೇರು ಹುಡುಕುತ್ತ ಹೋದರೆ ಒಂದು ಸೋಲಿನ ಕಥೆ ಸಿಗುತ್ತದೆ. ಅಮೆರಿಕದ ಬೆಂಡಿಕ್ಸ್ ಕಂಪನಿ ಎಲೆಕ್ಟ್ರೊಜೆಕ್ಟರ್ ಎಂಬ ವಿದ್ಯುತ್ ಇಂಜೆಕ್ಷನ್ ವ್ಯವಸ್ಥೆ ಮಾಡಿತ್ತು. ಕ್ರೈಸ್ಲರ್ ಅದನ್ನು 1958ರ 300ಡಿ ಮತ್ತಿತರ ಕಾರುಗಳಿಗೆ ಕೊಟ್ಟಿತು. ಮಾರಾಟವಾದದ್ದು ಕೆಲವೇ ಡಜನ್. ಬಹುಪಾಲಿಗೆ ಆಮೇಲೆ ಕಾರ್ಬ್ಯುರೇಟರ್ ಹಾಕಿಕೊಡಬೇಕಾಯಿತು. ಪೆಟ್ರೋಲಿನ ಕಡೆ ಅಂಥ ದೋಷವಿರಲಿಲ್ಲ. ಕೈಕೊಟ್ಟದ್ದು ಅಂದಿನ ಎಲೆಕ್ಟ್ರಾನಿಕ್ ಬಿಡಿಭಾಗಗಳು. ಬೆಂಡಿಕ್ಸಿನ ಪೇಟೆಂಟುಗಳು ಬಾಷ್ ಕೈಸೇರಿ, 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಡಿ-ಜೆಟ್ರಾನಿಕ್ ಆಗಿ ಎದ್ದು ನಿಂತವು. ಅದರ ಇಂಜೆಕ್ಟರೂ ಎರಡೂವರೆ ಓಂ ಒಳಗಿನದೇ, ಜೊತೆಗೆ ಸರಣಿಯಲ್ಲಿ ರೆಸಿಸ್ಟರ್.

ಅದೇ ಬಾಷ್‌ನ ಮೈಕೊ ಬೆಂಗಳೂರಿನ ಆಡುಗೋಡಿಯಲ್ಲಿ ಎರಡು-ಮೂರು ತಲೆಮಾರಿನ ಮೆಕ್ಯಾನಿಕ್‌ಗಳನ್ನು ಸಾಕಿತು. ಆದರೆ ಅದರ ಹಳೆಯ ಡೀಸೆಲ್ ನಾಝಲ್‌ಗೆ ತಂತಿಯೇ ಇರಲಿಲ್ಲ. ಪಂಪಿನ ಒತ್ತಡವೇ ಸೂಜಿಯನ್ನು ಎತ್ತುತ್ತಿತ್ತು. ಆ ಗರಡಿಯಲ್ಲಿ ಪಳಗಿದ ಕೈ ಇಂಜೆಕ್ಟರ್ ಕಂಡ ಕೂಡಲೇ ಒತ್ತಡವನ್ನೂ ಸಿಂಪಡಣೆಯನ್ನೂ ನೋಡುತ್ತದೆ, ಮಲ್ಟಿಮೀಟರನ್ನು ಕೊನೆಗೆ ಹುಡುಕುತ್ತದೆ.

ಓಂ ಹೊಂದಿಸಿದ ಮಾತ್ರಕ್ಕೆ ಕೆಲಸ ಆಯಿತೆಂದಲ್ಲ. ಕರೆಂಟು ಕೊಟ್ಟ ಕ್ಷಣಕ್ಕೂ ಪೆಟ್ರೋಲ್ ಹರಿಯುವುದಕ್ಕೂ ನಡುವೆ ಸುಮಾರು ಒಂದು ಮಿಲಿಸೆಕೆಂಡಿನ ಡೆಡ್ ಟೈಮ್ ಇದೆ. ವೋಲ್ಟೇಜ್ ಇಳಿದಂತೆ ಅದು ಹಿಗ್ಗುತ್ತದೆ. ಐಡ್ಲಿಂಗ್‌ನಲ್ಲಿ 440 ಸಿಸಿಯದು 1.7 ಮಿಲಿಸೆಕೆಂಡ್ ಹರಿಸಬೇಕು ಅನ್ನಿ. ಅಷ್ಟೇ ಪೆಟ್ರೋಲಿಗೆ 1000 ಸಿಸಿಯದಕ್ಕೆ 0.75 ಸಾಕು. ದೊಡ್ಡ ಸೌಟಿನಲ್ಲಿ ಕೂಸಿಗೆ ಜೇನು ನೆಕ್ಕಿಸುವ ಪಾಡು! ಇಲ್ಲಿ ಡೆಡ್ ಟೈಮ್ 0.2 ಮಿಲಿಸೆಕೆಂಡ್ ತಪ್ಪಿದರೆ ಪೆಟ್ರೋಲ್ ಕಾಲುಭಾಗಕ್ಕೂ ಮೀರಿ ಏರುಪೇರು. ಅದೇ ತಪ್ಪು 7000 ಆರ್‌ಪಿಎಂನಲ್ಲಿ ಶೇ 2ನ್ನೂ ಮುಟ್ಟದು. ಡೈನೊ ಮೇಲೆ ಗರ್ಜಿಸಿದ ಕಾರು ಸಿಗ್ನಲ್ಲಿನಲ್ಲಿ ಕೆಮ್ಮುವುದು ಇದಕ್ಕೇ. ನಿಸ್ಸಾನ್ ಇಸಿಯುನಲ್ಲಿ ಇಂಜೆಕ್ಟರ್ ಗಾತ್ರದ ಗುಣಾಂಕವೊಂದು, ಡೆಡ್ ಟೈಮ್ ಇನ್ನೊಂದು. ಗುಣಾಂಕ ಮಾತ್ರ ತಿದ್ದಿ ‘ಟ್ಯೂನ್ ಆಯಿತು’ ಎನ್ನುವವರಿಗೆ ದುಡ್ಡು ಎಣಿಸಬೇಡಿ.

ಅಮೆರಿಕದ 25 ವರ್ಷದ ನಿಯಮದಿಂದಾಗಿ 2014ರಿಂದ ಈ ಕಾರುಗಳು ಅಲ್ಲಿಗೂ ಹೋಗುತ್ತಿವೆ, ಒಂದೊಂದೂ ನಾಲ್ಕು ಕೈ ದಾಟಿ. ಹಿಂದಿನವರು ಏನು ಹಾಕಿದ್ದಾರೆಂದು ಹೇಳುವುದು ಮೀಟರ್ ಮಾತ್ರ: ಕನೆಕ್ಟರ್ ಬಿಚ್ಚಿ ಆರೂ ಇಂಜೆಕ್ಟರನ್ನು ಅಳೆಯಿರಿ, ಆಮೇಲೆ ಪ್ಯಾಕನ್ನು. ಹೈ ಇಂಪೀಡೆನ್ಸಿನವನ್ನೇ ಹಾಕುವುದಾದರೆ ಪ್ಯಾಕಿಗೆ ಬರುವ ಒಂದು ತಂತಿಯನ್ನೂ ಅಲ್ಲಿಂದ ಹೊರಡುವ ಆರನ್ನೂ ಒಟ್ಟಿಗೆ ಬೆಸೆಯಿರಿ. ತೆಗೆದ ಪ್ಯಾಕನ್ನು ಮಾತ್ರ ಎಸೆಯಬೇಡಿ. ಮುಂದಿನ ಮಾಲೀಕ ಮೂಲ ಇಂಜೆಕ್ಟರಿಗೆ ಮರಳುವ ಹಟ ಹಿಡಿದರೆ ಅದನ್ನೇ ಕೇಳುತ್ತಾನೆ.